ಒಂದು ಹನಿ ರಕ್ತದ ಲೆಕ್ಕ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನದ ಮಹತ್ತ್ವವನ್ನು ನಮ್ಮ ಸಮಾಜಕ್ಕೆ ಹೊಸದಾಗಿ ವಿವರಿಸುವ ಅಗತ್ಯವಿಲ್ಲ. ಬಸದಿಯ ಪಕ್ಕದಲ್ಲಿ ಧರ್ಮಾರ್ಥ ಔಷಧಾಲಯವನ್ನು ನಡೆಸುವುದು, ಕಣ್ಣಿನ ಚಿಕಿತ್ಸಾ ಶಿಬಿರಗಳನ್ನು ಏರ್ಪಡಿಸುವುದು, ಬಡ ರೋಗಿಗಳ ಆಸ್ಪತ್ರೆಯ ಖರ್ಚನ್ನು ಸದ್ದಿಲ್ಲದೆ ಕೊಡುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಈ ಎಲ್ಲ ಸೇವೆಗಳ ಹಿಂದೆ ನಾವು ಸಾಮಾನ್ಯವಾಗಿ ಗಮನಿಸದ ಒಂದು ಗ್ರಹಿಕೆಯಿದೆ. ರೋಗಿಗೆ ತನ್ನ ರೋಗದ ಅರಿವಿರುತ್ತದೆ, ಅವನು ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂಬುದೇ ಆ ಗ್ರಹಿಕೆ. ಆದರೆ ಹುಟ್ಟಿ ಮೂರು ದಿನವಾದ ಕೂಸು ಬಾಗಿಲಿಗೆ ಬರಲಾರದು. ಅದರ ಮೈಯೊಳಗೆ ಒಂದು ರೋಗ ಕೆಲಸ ಆರಂಭಿಸಿದ್ದರೂ ನೋಡುವವರ ಕಣ್ಣಿಗೆ ಅದು ಆರೋಗ್ಯವಂತ ಶಿಶುವೇ. ಹೆತ್ತವರಿಗೂ ಸೂಲಗಿತ್ತಿಗೂ ಎಷ್ಟೋ ಸಲ ವೈದ್ಯರಿಗೂ ಕಾಣಿಸದ ಇಂಥ ರೋಗಕ್ಕೆ ಔಷಧದಾನ ಮಾಡುವ ಬಗೆ ಯಾವುದು?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬೇರೂರಲು ಒಂದು ಕಾರಣವಿದೆ. ನಮ್ಮ ಊರಿನ ಟ್ರಸ್ಟಿಗೆ ಹಿರಿಯರೊಬ್ಬರು ತಮ್ಮ ದಿವಂಗತ ಧರ್ಮಪತ್ನಿಯ ಸ್ಮರಣಾರ್ಥ ವೈದ್ಯಕೀಯ ಸೇವೆಗೆಂದು ಒಂದು ಮೊತ್ತವನ್ನು ಕೊಟ್ಟಿದ್ದಾರೆ. ಅದರಿಂದ ಒಂದು ಯಂತ್ರವನ್ನು ಕೊಂಡು, ಅದರ ಮೇಲೆ ಆ ತಾಯಿಯ ಹೆಸರನ್ನು ಬರೆಸಿ, ಆಸ್ಪತ್ರೆಯೊಂದಕ್ಕೆ ಅರ್ಪಿಸಬೇಕೆಂಬುದು ಹೆಚ್ಚಿನ ಸದಸ್ಯರ ಅಭಿಪ್ರಾಯ. ಅದೇ ಹಣದಲ್ಲಿ ಬಡವರ ಹೆರಿಗೆಗಳು ನಡೆಯುವ ಕಡೆ ನವಜಾತ ಶಿಶುಗಳ ರಕ್ತಪರೀಕ್ಷೆಯನ್ನು ಕೆಲವು ವರ್ಷ ನಡೆಸಬಾರದೇಕೆ ಎಂದು ನಾನು ಕೇಳಿದೆ. ಆಗ ಒಬ್ಬ ಸದಸ್ಯರು, "ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ರೋಗಕ್ಕಾಗಿ ಮಿಕ್ಕ ಒಂಬೈನೂರ ತೊಂಬತ್ತೊಂಬತ್ತು ಮಕ್ಕಳ ರಕ್ತ ತೆಗೆಯುವುದು ಯಾವ ಲೆಕ್ಕ, ಅಣ್ಣಾ?" ಎಂದರು. ಅವರದು ಕುಚೋದ್ಯದ ಪ್ರಶ್ನೆಯಲ್ಲ. ಅವರೂ ನನ್ನಂತೆಯೇ ವ್ಯಾಪಾರಿ. ಲೆಕ್ಕ ಕೇಳುವುದು ಅವರ ಧರ್ಮ. ತೀರ್ಮಾನ ಮುಂದಿನ ಸಭೆಗೆ ಉಳಿದಿದೆ. ಅವರಿಗೆ ಕೊಡಬೇಕಾದ ಉತ್ತರವನ್ನು ಈ ಪತ್ರಿಕೆಯ ವಾಚಕರ ಮುಂದೆಯೂ ಇಡಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವಾಣಿಜ್ಯ ಪದವಿ ಪಡೆದು ಬಟ್ಟೆ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದವನು. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡುದನ್ನಷ್ಟೇ ನಿವೇದಿಸುತ್ತೇನೆ.

ಮೊದಲು ರೋಗದ ಸ್ವರೂಪ. ನಾವು ಉಂಡ ಅನ್ನ ಮೈಗೂಡಬೇಕಾದರೆ ದೇಹದೊಳಗೆ ನೂರಾರು ಹಂತಗಳ ಕೆಲಸ ನಡೆಯಬೇಕು. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವವಿದೆ. ಹುಟ್ಟಿನಿಂದಲೇ ಒಂದು ಕಿಣ್ವ ಕೆಟ್ಟಿದ್ದರೆ, ಆ ಹಂತದಲ್ಲಿ ಕರಗಬೇಕಾದ ವಸ್ತು ಕರಗದೆ ರಕ್ತದಲ್ಲಿ ಶೇಖರವಾಗಿ ವಿಷವಾಗುತ್ತದೆ, ಇಲ್ಲವೆ ಆ ಹಂತದಲ್ಲಿ ಹುಟ್ಟಬೇಕಾದ ವಸ್ತು ಹುಟ್ಟದೆ ಹೋಗುತ್ತದೆ. ಇವನ್ನು ಹುಟ್ಟಿನಿಂದ ಬಂದ ಚಯಾಪಚಯ ದೋಷಗಳೆನ್ನುತ್ತಾರೆ. ಫಿನೈಲ್‌ಕೀಟೋನ್ಯೂರಿಯಾ ಎಂಬುದರಲ್ಲಿ ಆಹಾರದ ಪ್ರೋಟೀನಿನ ಒಂದು ಅಂಶ ಶೇಖರವಾಗಿ ಮಿದುಳು ಮಂದವಾಗುತ್ತದೆ. ಮೇಪಲ್ ಸಿರಪ್ ಕಾಯಿಲೆಯಲ್ಲಿ ಕೂಸಿನ ಮೂತ್ರ ಸುಟ್ಟ ಸಕ್ಕರೆಯ ಪಾಕದಂತೆ ವಾಸನೆ ಬರುತ್ತದೆ. ಒಂದು ವಾರದೊಳಗೇ ಕೂಸು ಹಾಲು ಬಿಟ್ಟು ಪ್ರಜ್ಞೆ ತಪ್ಪಬಹುದು. ಗ್ಯಾಲಕ್ಟೋಸೀಮಿಯಾ ಇರುವ ಶಿಶುವಿಗೆ ತಾಯಿಯ ಎದೆಹಾಲಿನಲ್ಲಿರುವ ಸಕ್ಕರೆಯೇ ವಿಷ. ಇವುಗಳಲ್ಲಿ ಒಂದೊಂದೂ ಅಪರೂಪವೇ. ಆದರೆ ಇಂಥ ದೋಷಗಳು ನೂರಾರು ಇರುವುದರಿಂದ ಎಲ್ಲವನ್ನೂ ಕೂಡಿಸಿದರೆ ಅವು ಅಪರೂಪವೆನ್ನುವಂತಿಲ್ಲ.

ಇವುಗಳ ಜೊತೆಗೆ ಅದೇ ಹನಿ ರಕ್ತದಲ್ಲಿ ಪತ್ತೆಯಾಗುವ ಮತ್ತೊಂದು ರೋಗವಿದೆ. ಕೂಸಿನ ಥೈರಾಯ್ಡ್ ಗ್ರಂಥಿ ತನ್ನ ರಸವನ್ನು ಉತ್ಪಾದಿಸದಿರುವುದೇ ಆ ರೋಗ. ಬಹುಪಾಲು ಮಕ್ಕಳಲ್ಲಿ ಗ್ರಂಥಿಯೇ ಸರಿಯಾಗಿ ಬೆಳೆದಿರುವುದಿಲ್ಲ. ಅದು ವಂಶದಿಂದ ಬಂದುದಲ್ಲ. ಕೆಲವರಲ್ಲಿ ಮಾತ್ರ ಗ್ರಂಥಿ ಇದ್ದೂ ರಸ ತಯಾರಾಗುವ ಹಂತಗಳಲ್ಲೊಂದು ಕೆಟ್ಟಿರುತ್ತದೆ, ಅದು ವಂಶದೋಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತ, ಹೈದರಾಬಾದುಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು 1,130 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿದೆ. ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಆರಂಭಿಸಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಗೆ ಆದ ಹಾನಿಯನ್ನು ಯಾವ ಔಷಧವೂ ಹಿಂದಕ್ಕೆ ತಾರದು. ಆ ಮಾತ್ರೆಯ ಬೆಲೆಯೋ ದಿನಕ್ಕೆ ಕೆಲವೇ ರೂಪಾಯಿ.

ಈ ರೋಗವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಅಂಗಡಿಯಲ್ಲಿ ದೀರ್ಘಕಾಲ ಲೆಕ್ಕ ಬರೆದ ಗುಮಾಸ್ತರೊಬ್ಬರ ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಮೊದಲ ಮಗು ಗಂಡು. ಕೂಸು ಹೆಚ್ಚು ಅಳುತ್ತಿರಲಿಲ್ಲ, ಹಾಲು ಕುಡಿದು ಮಲಗಿಬಿಡುತ್ತಿತ್ತು. ಬಂದವರೆಲ್ಲ "ಎಂಥ ಸಮಾಧಾನದ ಕೂಸು, ಪುಣ್ಯವಂತರು ನೀವು" ಎಂದು ಹೊಗಳಿದರು. ಮೈಯ ಹಳದಿ ಬಣ್ಣ ಹೋಗಲು ಬಹಳ ದಿನ ಹಿಡಿಯಿತು. ಬಾಣಂತಿ ಮನೆಯಲ್ಲಿ ಅದು ಸಹಜವೆಂದರು. ಮಲಬದ್ಧತೆಗೆ ಮನೆಮದ್ದು ನಡೆಯಿತು. ವರ್ಷ ತುಂಬಿದರೂ ಕೂರಲಿಲ್ಲ. ಎರಡು ವರ್ಷ ಕಳೆದ ಮೇಲೆ ದೊಡ್ಡ ಊರಿನ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿದಾಗ ಕಾರಣ ತಿಳಿಯಿತು. ಮಾತ್ರೆ ಆರಂಭಿಸಿದ ಮೇಲೆ ಮಗು ಎತ್ತರ ಬೆಳೆಯಿತು, ನಡೆಯಿತು. ಆದರೆ ಹದಿಹರೆಯ ದಾಟಿದ ಇಂದಿಗೂ ಆ ಹುಡುಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಾಯಿ ಬೇಕು.

ಆ ಮನೆಯಲ್ಲಿ ಎರಡನೆಯ ಹೆರಿಗೆಯಾದಾಗ ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಮೂರನೆಯ ದಿನ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ಕಳುಹಿಸಿದರು. ಈ ಹೆಣ್ಣು ಕೂಸಿಗೂ ಅದೇ ದೋಷವಿತ್ತು. ಹನ್ನೊಂದನೆಯ ದಿನ ಮಾತ್ರೆಯನ್ನು ಎದೆಹಾಲಿನಲ್ಲಿ ಅರೆದು ಕೊಡಲು ಆರಂಭಿಸಿದರು. ಆ ಹುಡುಗಿ ಈಗ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಳೆ. ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಒಂದೇ ತಾಯಿತಂದೆ, ಒಂದೇ ಮನೆ, ಒಂದೇ ದೋಷ. ಇಬ್ಬರ ನಡುವಿನ ಅಂತರ ಎರಡು ವರ್ಷ ಮತ್ತು ಒಂದು ಹನಿ ರಕ್ತ. ಗುಮಾಸ್ತರು ಒಮ್ಮೆ ನನ್ನೊಡನೆ, "ಸಾವಕಾರರೆ, ಮೊಮ್ಮಗಳು ಲೆಕ್ಕ ಹೇಳುವಾಗ ಸಂತೋಷವಾಗುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತ ಮೊಮ್ಮಗನ ಮುಖ ನೋಡಲಾಗುವುದಿಲ್ಲ" ಎಂದರು. ಅವರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಈ ಪರೀಕ್ಷೆ ಇಷ್ಟು ಸರಳವಾದುದರ ಇತಿಹಾಸ ವ್ಯಾಪಾರಿಗಳಾದ ನಾವು ತಿಳಿಯತಕ್ಕದ್ದು. 1934ರಲ್ಲಿ ನಾರ್ವೆ ದೇಶದ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ತಾಯಿಯೊಬ್ಬಳು ಬುದ್ಧಿಮಾಂದ್ಯರಾದ ತನ್ನ ಇಬ್ಬರು ಮಕ್ಕಳನ್ನು ಕರೆತಂದಳು. ಕಾರಣ ತಿಳಿಯದೆ ಬಿಡಲಾರೆನೆಂಬ ಆ ತಾಯಿಯ ಹಟದಿಂದಲೇ ಫಿನೈಲ್‌ಕೀಟೋನ್ಯೂರಿಯಾ ಬೆಳಕಿಗೆ ಬಂತು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ವಿಶೇಷ ಪಥ್ಯದಿಂದ ಈ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆದರೆ ಪಥ್ಯ ಫಲಿಸಬೇಕಾದರೆ ಅದು ಮೊದಲ ವಾರಗಳಲ್ಲೇ ಆರಂಭವಾಗಬೇಕು. ಆ ವಾರಗಳಲ್ಲಿ ರೋಗವನ್ನು ಕಂಡುಹಿಡಿಯುವ ಸುಲಭವಾದ ಉಪಾಯವಿರಲಿಲ್ಲ.

ಆ ಉಪಾಯವನ್ನು ಕೊಟ್ಟವರು ಅಮೆರಿಕದ ಬಫಲೋ ನಗರದ ರಾಬರ್ಟ್ ಗತ್ರಿ. ಅವರ ಸ್ವಂತ ಮಗನೊಬ್ಬ ಬುದ್ಧಿಮಾಂದ್ಯನಾಗಿದ್ದ. ಬಂಧುಗಳ ಮಗುವೊಂದಕ್ಕೆ ಈ ರೋಗವೇ ಇತ್ತು. 1960ರ ದಶಕದ ಆರಂಭದಲ್ಲಿ ಅವರು ಶಿಶುವಿನ ಹಿಮ್ಮಡಿಯ ರಕ್ತವನ್ನು ದಪ್ಪ ಫಿಲ್ಟರ್ ಕಾಗದದ ಮೇಲೆ ಹನಿಸಿ ಒಣಗಿಸಿ, ಅದರ ಒಂದು ಸಣ್ಣ ಚುಕ್ಕೆಯನ್ನು ಕತ್ತರಿಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿಟ್ಟರು. ರಕ್ತದಲ್ಲಿ ಆ ವಿಷಾಂಶ ಹೆಚ್ಚಿದ್ದರೆ ಚುಕ್ಕೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಕಾಗದ. ಒಣಗಿದ ರಕ್ತವನ್ನು ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ಕಳುಹಿಸಬಹುದಾಯಿತು. ಹಳ್ಳಿಯ ಹೆರಿಗೆ ಮನೆಗೂ ನಗರದ ಪ್ರಯೋಗಾಲಯಕ್ಕೂ ನಡುವೆ ಇದ್ದ ದೂರವನ್ನು ಒಂದು ತುಂಡು ಕಾಗದ ಇಲ್ಲವಾಗಿಸಿತು.

ಇಲ್ಲಿ ಬೆಲೆಯ ಪ್ರಶ್ನೆ ಬರುತ್ತದೆ. ಗತ್ರಿಯವರು 500 ಪರೀಕ್ಷೆಗಳಿಗೆ ಸಾಕಾಗುವ ಸಾಮಗ್ರಿಯನ್ನು ಸುಮಾರು 6 ಡಾಲರ್ ವೆಚ್ಚದಲ್ಲಿ ತಯಾರಿಸುತ್ತಿದ್ದರು. ಅದನ್ನು ತಯಾರಿಸುವ ಹಕ್ಕು ಪಡೆದ ಕಂಪನಿಯೊಂದು ಅದೇ ಸಾಮಗ್ರಿಗೆ 262 ಡಾಲರ್ ಬೆಲೆಯನ್ನು ಸೂಚಿಸಿತು. ಗತ್ರಿ ವಿರೋಧಿಸಿದರು. ಸಂಶೋಧನೆಗೆ ಸಾರ್ವಜನಿಕ ಹಣ ಬಳಕೆಯಾಗಿದ್ದುದರಿಂದ ಸರ್ಕಾರ ನಡುವೆ ಬಂದು ಆ ಏಕಸ್ವಾಮ್ಯವನ್ನು ತಡೆಯಿತು. ವ್ಯಾಪಾರದಲ್ಲಿ ಲಾಭ ಪಡೆಯುವುದನ್ನು ನಾನು ಪಾಪವೆನ್ನಲಾರೆ. ಲಾಭವಿಲ್ಲದೆ ಅಂಗಡಿ ನಡೆಯದು. ಆದರೆ ಕೊಳ್ಳುವವನು ಚೌಕಾಶಿ ಮಾಡಲಾರದ ಕಡೆ, ಬಿಟ್ಟು ಹೋಗಲೂ ಆಗದ ಕಡೆ ನಾವು ಪಡೆಯುವ ಲಾಭಕ್ಕೆ ಪರಿಮಿತಿ ಬೇಕು. ಗೃಹಸ್ಥನಿಗೆ ಹೇಳಿದ ಪರಿಗ್ರಹಪರಿಮಾಣ ವ್ರತ ತಿಜೋರಿಯಲ್ಲಿರುವ ಚಿನ್ನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಬೆಲೆಚೀಟಿಗೂ ಸಂಬಂಧಿಸಿದ್ದೆಂದು ನಾನು ಭಾವಿಸುತ್ತೇನೆ.

ಇದೆಲ್ಲ ಶ್ರೀಮಂತ ದೇಶಗಳ ಮಾತು ಎಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಇಂಥ ತಪಾಸಣೆ ಮೊದಲು ಆರಂಭವಾದುದು ನಮ್ಮ ಕರ್ನಾಟಕದಲ್ಲಿಯೇ. 1980ರಿಂದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಎಚ್. ಎಸ್. ಸಾವಿತ್ರಿ ಮೊದಲಾದ ವಿಜ್ಞಾನಿಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತವನ್ನು ಇದೇ ಕಾಗದದ ಮೇಲೆ ಸಂಗ್ರಹಿಸಿದರು. 1 ಲಕ್ಷಕ್ಕೂ ಹೆಚ್ಚು ಶಿಶುಗಳ ಪರೀಕ್ಷೆ ನಡೆಯಿತು. ಅಂದರೆ ವಿದ್ಯೆಯ ಕೊರತೆ ನಮಗೆ ಅಂದೂ ಇರಲಿಲ್ಲ. ಅದು ಸಂಶೋಧನೆಯಾಗಿ ಕೀರ್ತಿ ತಂದಿತಾದರೂ, ನಾಡಿನ ಪ್ರತಿಯೊಂದು ಹೆರಿಗೆ ಮನೆಯ ನಿತ್ಯದ ಕ್ರಮವಾಗಲಿಲ್ಲ. ಅನಂತರ ಹೈದರಾಬಾದಿನಲ್ಲಿ ಅಂಥ ಕಾರ್ಯ ನಡೆಯಿತು. ಗೋವಾ ರಾಜ್ಯ 2008ರಲ್ಲಿ ಸರ್ಕಾರದ ವತಿಯಿಂದ ಆರಂಭಿಸಿತು. ಕೇರಳವು ಕೆಲವೇ ರೋಗಗಳನ್ನು ಆರಿಸಿಕೊಂಡು ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ನಡೆಸಿಕೊಂಡು ಬಂದಿದೆ.

ನಮ್ಮಷ್ಟೇ ಕಷ್ಟಗಳಿರುವ ಫಿಲಿಪೀನ್ಸ್ ದೇಶ ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಸಾವಿರಾರು ದ್ವೀಪಗಳಾಗಿ ಚದುರಿದ ದೇಶ ಅದು. 1996ರಲ್ಲಿ ಮನಿಲಾ ಮಹಾನಗರದ 24 ಆಸ್ಪತ್ರೆಗಳಲ್ಲಿ ವೈದ್ಯರು ಕೂಡಿ ಕಾರ್ಯವನ್ನು ಆರಂಭಿಸಿದರು. ಮೊದಲು ಆರಿಸಿಕೊಂಡದ್ದು ಚಿಕಿತ್ಸೆಯಿರುವ ಕೆಲವೇ ರೋಗಗಳನ್ನು. 2004ರಲ್ಲಿ ಕಾನೂನು ಬಂದಿತು. ಹೆರಿಗೆ ಮಾಡಿಸುವವರು ಪ್ರತಿಯೊಬ್ಬ ತಾಯಿತಂದೆಗೂ ಈ ಪರೀಕ್ಷೆಯ ವಿಷಯವನ್ನು ತಿಳಿಸಲೇಬೇಕೆಂದು ಆ ಕಾನೂನು ವಿಧಿಸುತ್ತದೆ. ಧಾರ್ಮಿಕ ಕಾರಣಕ್ಕೆ ಬೇಡವೆನ್ನುವವರು ಅದನ್ನು ಬರೆದುಕೊಡಬೇಕು. ಪರೀಕ್ಷೆಯ ದರವನ್ನು 550 ಪೆಸೋ ಎಂದು ನಿಗದಿ ಮಾಡಿ, ಮುಂದೆ ಆ ಖರ್ಚನ್ನು ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿಸಿದರು. ವ್ಯವಸ್ಥೆ ಬೇರೂರಿದ ಮೇಲಷ್ಟೇ ರೋಗಗಳ ಪಟ್ಟಿಯನ್ನು 20ಕ್ಕಿಂತ ಹೆಚ್ಚಿಸಿದರು. ಚಿಕ್ಕದಾಗಿ ಆರಂಭಿಸುವುದು, ದರವನ್ನು ಬಿಗಿಹಿಡಿಯುವುದು, ನಿಲ್ಲಿಸದೆ ನಡೆಸುವುದು ಎಂಬ ಈ ಮೂರು ಸೂತ್ರಗಳು ಹಳೆಯ ಅಂಗಡಿಕಾರರಿಗೆ ಹೊಸವಲ್ಲ.

ಈಗ ನಮ್ಮ ಸದಸ್ಯಮಿತ್ರರ ಲೆಕ್ಕಕ್ಕೆ ಬರೋಣ. ಥೈರಾಯ್ಡ್ ಒಂದನ್ನೇ ತೆಗೆದುಕೊಳ್ಳೋಣ. ಕಾಗದ, ಸೂಜಿ, ಅಂಚೆ, ಪ್ರಯೋಗಾಲಯದ ಶುಲ್ಕ ಎಲ್ಲ ಸೇರಿ ಒಂದು ಶಿಶುವಿಗೆ 300 ರೂಪಾಯಿ ಎಂದು ಹಿಡಿದರೆ, 1,130 ಶಿಶುಗಳಿಗೆ 3,39,000 ರೂಪಾಯಿ. ಅಷ್ಟು ಖರ್ಚಿಗೆ ಸರಾಸರಿ ಒಂದು ಮಗು ಸಿಗುತ್ತದೆ. ದುಬಾರಿಯೆಂದು ತೋರುವುದು ಸಹಜ. ಇನ್ನೊಂದು ಪುಟ ತೆರೆಯೋಣ. ಆ ಒಂದು ಮಗು ಪತ್ತೆಯಾಗದಿದ್ದರೆ ಐವತ್ತು ಅರವತ್ತು ವರ್ಷ ಪರಾಧೀನ ಬಾಳು. ಅದನ್ನು ನೋಡಿಕೊಳ್ಳಲು ತಾಯಿ ಬಿಟ್ಟ ಕೂಲಿ. ತಾಯಿತಂದೆಗಳು ಕಣ್ಮುಚ್ಚಿದ ಮೇಲೆ ಹೊಣೆ ಹೊರುವ ಒಡಹುಟ್ಟಿದವರ ಸಂಸಾರ. ಇದನ್ನು ರೂಪಾಯಿಯಲ್ಲೇ ಬರೆದರೂ ಮೂರೂವರೆ ಲಕ್ಷಕ್ಕೆ ನಿಲ್ಲದು. ಪತ್ತೆಯಾದರೆ ದಿನಕ್ಕೆ ಒಂದು ಮಾತ್ರೆ. ಇನ್ನು ದೋಷವಿಲ್ಲದ 1,129 ಮಕ್ಕಳಿಗಾಗಿ ಮಾಡಿದ ಖರ್ಚು ವ್ಯರ್ಥವೇ? ನಮ್ಮ ಗೋದಾಮಿಗೆ ಪ್ರತಿ ವರ್ಷ ಬೆಂಕಿವಿಮೆ ಕಟ್ಟುತ್ತೇವೆ. ಬೆಂಕಿ ಬೀಳದ ವರ್ಷ ಕಂತಿನ ಹಣ ನಷ್ಟವಾಯಿತೆಂದು ಯಾವ ವ್ಯಾಪಾರಿಯೂ ಅತ್ತದ್ದನ್ನು ನಾನು ಕಂಡಿಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನನ್ನ ಮುಖ್ಯ ವಿಚಾರವಿರುವುದು ಇಲ್ಲಿಯೇ. ಇಂದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೇ ಚುಕ್ಕೆಯಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ರೋಗಗಳನ್ನು ಶೋಧಿಸುತ್ತದೆ. ಅದನ್ನು ಕೊಳ್ಳಲು ಕೋಟಿಗಳ ಮಾತು. ಅಂಥ ಯಂತ್ರವನ್ನು ಊರೂರಿಗೆ ಕೊಳ್ಳಬೇಕಾಗಿಲ್ಲ. ದೊಡ್ಡ ನಗರಗಳಲ್ಲಿ ಅವು ಈಗಾಗಲೇ ಇವೆ, ಅಂಚೆಯೂ ಇದೆ. ಕೊರತೆಯಿರುವುದು ಬೇರೆ ಕಡೆ. ಎರಡನೆಯ ಅಥವಾ ಮೂರನೆಯ ದಿನ ಹಿಮ್ಮಡಿ ಚುಚ್ಚಲು ಕಲಿತ ದಾದಿ ಇರಬೇಕು. ಕಾಗದವನ್ನು ಬಿಸಿಲಿಗೆ ಒಡ್ಡದೆ ಸಮತಟ್ಟಾಗಿ ಮೂರು ನಾಲ್ಕು ಗಂಟೆ ಒಣಗಿಸಬೇಕು. ಗುಡ್ಡೆ ಮಾಡಿಟ್ಟು ವಾರಕ್ಕೊಮ್ಮೆ ಕಳುಹಿಸದೆ ಅಂದಂದಿನದನ್ನು ಅಂದೇ ಕಳುಹಿಸಬೇಕು. ಫಲಿತಾಂಶದಲ್ಲಿ ಸಂಶಯ ಬಂದರೆ ಆ ತಾಯಿಯನ್ನು ಹುಡುಕಬೇಕು. ಅವಳು ಗಂಡನ ಮನೆಯ ವಿಳಾಸ ಕೊಟ್ಟು ತವರಿಗೆ ಹೋಗಿರುತ್ತಾಳೆ. ಬರೆಸಿದ ಫೋನ್ ನಂಬರು ಬೇರೆಯವರದಾಗಿರುತ್ತದೆ. ಅವಳನ್ನು ಹುಡುಕಿ ಎರಡನೆಯ ಪರೀಕ್ಷೆ ಮಾಡಿಸುವ ಮನುಷ್ಯನಿಗೆ ಸಂಬಳ ಬೇಕು. ಸಂಶಯ ಬಂದ ಮಕ್ಕಳಲ್ಲಿ ಅನೇಕರು ಎರಡನೆಯ ಪರೀಕ್ಷೆಯಲ್ಲಿ ನಿರ್ದೋಷಿಗಳಾಗುತ್ತಾರೆ. ಅಲ್ಲಿಯವರೆಗೆ ಆ ಮನೆಯವರಿಗೆ ಧೈರ್ಯ ಹೇಳುವವರು ಬೇಕು. ರೋಗ ನಿಶ್ಚಯವಾದ ಮೇಲೆ ಮಾತ್ರೆ ಅಥವಾ ಪಥ್ಯದ ಪುಡಿ ವರ್ಷಗಟ್ಟಲೆ ತಪ್ಪದೆ ಸಿಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪರೀಕ್ಷೆಗೆ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಯಂತ್ರದ ಮೇಲೆ ಹೆಸರು ಬರೆಸಬಹುದು, ಉದ್ಘಾಟನೆ ಮಾಡಿಸಬಹುದು. ದಾದಿಯ ಸಂಬಳಕ್ಕೆ, ಅಂಚೆಯ ಖರ್ಚಿಗೆ, ಫೋನ್ ಕರೆಗೆ ಕಲ್ಲುಫಲಕ ಹಾಕಿಸಲಾಗದು. ಆದ್ದರಿಂದಲೇ ದಾನಿಗಳ ಹಣ ಮೊದಲನೆಯದಕ್ಕೆ ಬೇಗ ಹರಿಯುತ್ತದೆ, ಎರಡನೆಯದಕ್ಕೆ ಬತ್ತುತ್ತದೆ. ವಾಣಿಜ್ಯ ಕಲಿತವರಿಗೆ ಬಂಡವಾಳ ವೆಚ್ಚ, ಆವರ್ತಕ ವೆಚ್ಚ ಎಂಬ ಭೇದ ಗೊತ್ತು. ಬಂಡವಾಳವನ್ನು ಹಾಕಿ ಆವರ್ತಕ ವೆಚ್ಚಕ್ಕೆ ಏರ್ಪಾಡು ಮಾಡದ ಅಂಗಡಿ ವರ್ಷದೊಳಗೆ ಬಾಗಿಲು ಹಾಕುತ್ತದೆ. ದಾನಕ್ಕೂ ಈ ನಿಯಮ ತಪ್ಪದು. ಬಡ ದೇಶಗಳಲ್ಲಿ ಈ ಪರೀಕ್ಷೆ ಕೈಗೆಟಕುವಂತಾಗುವುದು ಕೇವಲ ಅಗ್ಗದ ಸಾಮಗ್ರಿಯಿಂದ ಆಗುವ ಕೆಲಸವಲ್ಲ. ಹೆಸರಿಲ್ಲದ ಈ ನಿತ್ಯಖರ್ಚನ್ನು ಹೊರುವ ಹೆಗಲಿನಿಂದ ಆಗುವ ಕೆಲಸ.

ಇನ್ನು ಕೆಲವು ಆಕ್ಷೇಪಗಳು. ಮೊದಲನೆಯದು, "ಮಗುವಿನ ಕರ್ಮದಲ್ಲಿ ಇದ್ದಂತಾಗುತ್ತದೆ" ಎಂಬುದು. ಕರ್ಮಸಿದ್ಧಾಂತವನ್ನು ಅರ್ಧ ಓದಿದವರು ಹೇಳುವ ಮಾತಿದು. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವೂ ಬೇಕೆಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಪುರುಷಾರ್ಥಕ್ಕೆ ಎಡೆಯಿಲ್ಲದ ನಿಯತಿವಾದ ನಮ್ಮದಲ್ಲ. ಅಲ್ಲದೆ ಮಗುವಿನ ಕರ್ಮವನ್ನು ಎತ್ತಿ ಹೇಳುವವರು ತಿಳಿದೂ ಸುಮ್ಮನಿರುವ ತಮ್ಮ ಕರ್ಮದ ಬಂಧವನ್ನೂ ಎಣಿಸಬೇಕು. ಎಳೆಗೂಸಿಗೆ ಸೂಜಿ ಚುಚ್ಚುವುದು ಹಿಂಸೆಯಲ್ಲವೆ ಎಂದು ತಾಯಿಯೊಬ್ಬರು ಸಂಕಟದಿಂದ ಕೇಳಿದ್ದುಂಟು. ಕ್ಷಣದ ನೋವು ನಿಜ. ಆದರೆ ಹಿಂಸೆಯನ್ನು ಪ್ರಮತ್ತಯೋಗದಿಂದ, ಅಂದರೆ ಎಚ್ಚರಗೇಡಿತನದಿಂದ ಅಳೆಯಬೇಕೆಂಬುದನ್ನು ನಾವು ಮರೆಯಬಾರದು. ಇಲ್ಲಿ ಎಚ್ಚರಗೇಡಿತನವಿರುವುದು ಚುಚ್ಚದೆ ಬಿಡುವುದರಲ್ಲಿ.

ಎರಡನೆಯದು ಹೆಚ್ಚು ಸೂಕ್ಷ್ಮವಾದುದು. ಇಂಥ ದೋಷಗಳಲ್ಲಿ ಹೆಚ್ಚಿನವು ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ವಂಶವಾಹಿಯ ಒಂದೊಂದು ಪ್ರತಿ ಮಗುವಿಗೆ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಒಂದೊಂದೇ ಪ್ರತಿ ಇರುವ ತಾಯಿತಂದೆಗಳು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗಳ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ಸೋದರಿಕೆಯಲ್ಲಿ ಗಂಡಹೆಂಡಿರು ಒಂದೇ ಹಿರಿಯರಿಂದ ಅದೇ ದೋಷವನ್ನು ಪಡೆದಿರುವ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹುಟ್ಟಿದ ಶಿಶುಗಳ ಪೈಕಿ ಸುಮಾರು ಮೂರರಲ್ಲಿ ಒಂದು ಪಾಲು ರಕ್ತಸಂಬಂಧಿಗಳ ಮದುವೆಯಿಂದ ಬಂದವು. ನಮ್ಮ ಸಮಾಜದ ಅನೇಕ ಮನೆಗಳಲ್ಲಿಯೂ ಸೋದರಿಕೆ ರೂಢಿಯಲ್ಲಿತ್ತು, ಇನ್ನೂ ಪೂರ್ಣ ಹೋಗಿಲ್ಲ. ಹಿರಿಯರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ರೋಗದ ಮಗು ಹುಟ್ಟಿದಾಗ ಸೊಸೆಯ ಕಡೆಗೆ ಬೆರಳು ತೋರಿಸುವ ಮನೆಗಳಿವೆ. ಇಬ್ಬರಿಂದಲೂ ಸಮಪಾಲಿನಲ್ಲಿ ಬಂದ ದೋಷವನ್ನು ಒಬ್ಬಳ ತಲೆಗೆ ಕಟ್ಟುವುದು ಅಸತ್ಯ. ಅಸತ್ಯವಷ್ಟೇ ಅಲ್ಲ, ಕ್ರೌರ್ಯ. ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿಡುವ ಜವಾಬ್ದಾರಿಯೂ ಟ್ರಸ್ಟಿನವರ ಮೇಲಿದೆ. ಅದು ಮುಂದೆ ಆ ಮನೆಯ ಹೆಣ್ಣುಮಕ್ಕಳ ಸಂಬಂಧ ಮುರಿಯುವ ಸುದ್ದಿಯಾಗಬಾರದು.

ಮೂರನೆಯದು ಆಹಾರ. ಕೂಸಿಗೆ ಹಾಲು, ತೊವ್ವೆ, ಮೊಸರು ತಿನ್ನಿಸುವುದೇ ನಮ್ಮ ಮನೆಗಳ ವಾತ್ಸಲ್ಯದ ಭಾಷೆ. ಫಿನೈಲ್‌ಕೀಟೋನ್ಯೂರಿಯಾ, ಮೇಪಲ್ ಸಿರಪ್ ಕಾಯಿಲೆಯ ಮಗುವಿಗೆ ಬೇಳೆ, ಹಾಲುಗಳೇ ಅಳತೆ ಮೀರಿದರೆ ಅಪಾಯ. ತೂಕ ಮಾಡಿ ಕೊಟ್ಟ ಅನ್ನ, ತರಕಾರಿ, ಹಣ್ಣು, ಜೊತೆಗೆ ವಿಶೇಷವಾಗಿ ತಯಾರಿಸಿದ ಪುಡಿ ಅವರ ಆಹಾರ. ಅಜ್ಜಿ ಕರುಣೆಯಿಂದ ಮುಚ್ಚಿ ಕೊಟ್ಟ ಒಂದು ಬಟ್ಟಲು ಪಾಯಸ ಅಲ್ಲಿ ಕರುಣೆಯಾಗದು. ಒಂದೇ ವಸ್ತು ಒಂದು ಅಪೇಕ್ಷೆಯಿಂದ ಅಮೃತ, ಇನ್ನೊಂದರಿಂದ ವಿಷ ಎಂಬ ಅನೇಕಾಂತದ ಪಾಠ ಆ ಮನೆಯ ಅಡುಗೆಮನೆಯಲ್ಲಿ ಪ್ರತಿದಿನ ನಡೆಯುತ್ತದೆ. ನನ್ನ ವ್ಯಾಪಾರಕ್ಕೆ ಸೇರಿದ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಇದೇ ಚುಕ್ಕೆಯಲ್ಲಿ ಪತ್ತೆಯಾಗುವ ಜಿ6ಪಿಡಿ ಕಿಣ್ವದ ಕೊರತೆ ಇರುವ ಶಿಶುವಿಗೆ ಪೆಟ್ಟಿಗೆಯಲ್ಲಿಡುವ ಡಾಂಬರು ಗುಳಿಗೆಯ ಗಾಳಿಯೂ ಸೋಂಕಬಾರದು. ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಇದನ್ನು ತಿಳಿದ ಮೇಲೆ, ಕೂಸಿನ ಬಟ್ಟೆ ಕೊಳ್ಳಲು ಬಂದವರಿಗೆ ಗುಳಿಗೆ ಹಾಕಿಟ್ಟ ಹಳೆಯ ಶಾಲಿನಲ್ಲಿ ಕೂಸನ್ನು ಸುತ್ತಬೇಡಿರೆಂದು ನಾನು ತಪ್ಪದೆ ಹೇಳುತ್ತೇನೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಥೈರಾಯ್ಡ್ ದೋಷವೂ ಇದೆ. 2021ರ ರಾಷ್ಟ್ರೀಯ ಅಪರೂಪ ರೋಗಗಳ ನೀತಿಯಡಿ ಆಯ್ದ ಕೇಂದ್ರಗಳಲ್ಲಿ ಚಿಕಿತ್ಸೆಗೆ ನೆರವು ದೊರೆಯುತ್ತದೆ. 2022ರಲ್ಲಿ ಅದನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಯವರೆಗೆ ಏರಿಸಲಾಯಿತು. ಆದರೆ ನೆರವು ಕೇಳಲು ರೋಗ ಗೊತ್ತಾಗಿರಬೇಕು. ಹೊತ್ತಿಗೆ ಸರಿಯಾಗಿ ಗೊತ್ತಾಗಿರಬೇಕು. ಸರ್ಕಾರದ ಕೈ ಇನ್ನೂ ತಲುಪದ ಕಡೆ ಟ್ರಸ್ಟುಗಳು ನಡುವಿನ ಕಾಲುಸೇತುವೆಯಾಗಬಹುದು.

ಆದ್ದರಿಂದ ಟ್ರಸ್ಟುಗಳ ಆಡಳಿತ ಹೊತ್ತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಒಂದೇ ಹೆರಿಗೆ ಆಸ್ಪತ್ರೆಯನ್ನು ಆರಿಸಿಕೊಳ್ಳಿರಿ. ಖಚಿತವಾದ, ಅಗ್ಗದ ಚಿಕಿತ್ಸೆಯಿರುವ ಎರಡು ಮೂರು ರೋಗಗಳಿಂದ ಆರಂಭಿಸಿರಿ. ನಂಬಿಕೆಯ ಪ್ರಯೋಗಾಲಯದೊಡನೆ ವರ್ಷದ ದರವನ್ನು ಮೊದಲೇ ಗೊತ್ತುಮಾಡಿರಿ. ಹೆಚ್ಚು ಸಂಖ್ಯೆಗೆ ಕಡಿಮೆ ದರ ಕೇಳುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮೂಲಧನವನ್ನು ಠೇವಣಿಯಲ್ಲಿಟ್ಟು ಬಡ್ಡಿಯಿಂದ ನಡೆಯುವಷ್ಟನ್ನು ಮಾತ್ರ ಕೈಗೆತ್ತಿಕೊಳ್ಳಿರಿ. ತಾಯಂದಿರನ್ನು ಹುಡುಕಿ ಕರೆತರಲು ಒಬ್ಬ ಸಹೋದರಿಯನ್ನು ನೇಮಿಸಿರಿ. ಪತ್ತೆಯಾದ ಮಗುವಿನ ಮಾತ್ರೆ ಎಂದಿಗೂ ನಿಲ್ಲದೆಂಬ ಭರವಸೆಯನ್ನು ಲಿಖಿತವಾಗಿ ಕೊಡಿರಿ. ಜಾತಿಮತಗಳನ್ನು ಕೇಳದೆ ಪ್ರತಿಯೊಂದು ಕೂಸಿಗೂ ಇದು ಸಲ್ಲಲಿ. ಮನೆಯಲ್ಲಿ ಹೆರಿಗೆ ನಿರೀಕ್ಷಿಸುತ್ತಿರುವ ಕುಟುಂಬಗಳಲ್ಲಿ ಇನ್ನೊಂದು ವಿನಂತಿ. ಆಸ್ಪತ್ರೆಯಿಂದ ಮರಳುವ ಮೊದಲು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ನೀವಾಗಿಯೇ ಕೇಳಿರಿ. ಹಿಂದೆ ಕಾರಣ ತಿಳಿಯದೆ ಮಕ್ಕಳು ತೀರಿಕೊಂಡ ಮನೆಗಳವರು, ಸೋದರಿಕೆಯ ದಂಪತಿಗಳು ಹೆರಿಗೆಗೆ ಮುಂಚೆಯೇ ತಿಳಿಸಿರಿ.

ಸ್ಮರಣಾರ್ಥ ದಾನ ಕೊಟ್ಟ ಹಿರಿಯರನ್ನು ಈಚೆಗೆ ಭೇಟಿಯಾಗಿ ಇದನ್ನೆಲ್ಲ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವಳ ಹೆಸರು ಎಲ್ಲಿ ಬರುತ್ತದೆ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸಲಾರೆ. ಐವತ್ತು ವರ್ಷ ಜೊತೆಗಿದ್ದವರ ಹೆಸರು ಎಲ್ಲಾದರೂ ಉಳಿಯಲಿ ಎಂಬ ಆಸೆ ತಪ್ಪಲ್ಲ. ಮಾತ್ರೆ ಪಡೆಯುವ ಪ್ರತಿ ಮಗುವಿನ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆಸೋಣವೆಂದೆ. ವರ್ಷಕ್ಕೆ ಅಂಥ ಪುಸ್ತಕ ಎಷ್ಟಾಗಬಹುದು ಎಂದರು. ಒಂದು, ಹೆಚ್ಚೆಂದರೆ ಎರಡು ಎಂದು ಇದ್ದುದನ್ನು ಇದ್ದಂತೆ ಹೇಳಿದೆ. ವಿಚಾರ ಮಾಡಿ ಸಭೆಯಲ್ಲಿ ತಿಳಿಸುವೆನೆಂದಿದ್ದಾರೆ. ಅವರ ತೀರ್ಮಾನ ಏನೇ ಆಗಲಿ, ವರ್ಷಕ್ಕೆ ಒಂದೇ ಒಂದು ಪುಸ್ತಕ ತೆರೆದರೂ ಸಾಕೆನ್ನುವ ದಾನಿಗಳು ನಮ್ಮ ಸಮಾಜದಲ್ಲಿ ಇದ್ದಾರೆಂದೇ ನಾನು ನಂಬಿದ್ದೇನೆ.